ತಾರಸಿಗೆ ಹಾಕಿದ್ದು ಬಾತ್‌ರೂಮಿಗೆ ಆಗುತ್ತಾ? ವಾಟರ್‌ಪ್ರೂಫಿಂಗ್ ಆರಿಸುವ ಮುನ್ನ

ಮುಂಗಾರಿನ ಮೊದಲ ದೊಡ್ಡ ಮಳೆ ಸುರಿದ ಮರುದಿನ ಬಣ್ಣದ ಅಂಗಡಿಗೆ ಹೋಗಿ ನೋಡಿ. ಕೌಂಟರ್ ಮುಂದೆ ನಿಂತವರ ಬಾಯಲ್ಲಿ ಒಂದೇ ಮಾತು: "ಮನೆ ಸೋರ್ತಿದೆ, ಒಳ್ಳೇ ವಾಟರ್‌ಪ್ರೂಫ್ ಯಾವ್ದಿದೆ ಕೊಡಿ." ಯಾರ ಕಾಲಿಗೆ ಅಂತ ಹೇಳದೆ ಚಪ್ಪಲಿ ಕೇಳಿದ ಹಾಗೆ ಇದು.

ನಾನೂ ಹಾಗೇ ಕೇಳಿದವನು. ಅಡುಗೆಮನೆಯ ಸೂರಿನಲ್ಲಿ ಟೀ ಚೆಲ್ಲಿದಂಥ ಕಲೆ ಕಾಣಿಸಿಕೊಂಡಿತ್ತು. 20 ಲೀಟರಿನ ಒಂದು ಬಕೆಟ್ ತಂದು ಸುಮಾರು 1000 ಚದರಡಿಯ ತಾರಸಿಗೆ ಎರಡು ಕೋಟು ಹೊಡೆಸಿದೆ. ಬೆಳ್ಳಗೆ ಫಳಫಳ ಹೊಳೆಯಿತು. ಎರಡನೇ ಬೇಸಿಗೆ ಬರುವಷ್ಟರಲ್ಲಿ ಹಪ್ಪಳದ ಹಾಗೆ ಎದ್ದಿತ್ತು. ಉಗುರು ತೂರಿಸಿ ಎತ್ತಿದರೆ ಅಂಗೈ ಅಗಲದ ತುಂಡು ಕೈಗೆ ಬರುತ್ತಿತ್ತು. ಅಡಿಯ ಗಾರೆ ಮುಟ್ಟಿ ನೋಡಿದೆ, ತಣ್ಣಗೆ ಒದ್ದೆ. ಆ ಬಕೆಟ್ಟಿನಲ್ಲಿದ್ದ ಮಾಲು ಕೆಟ್ಟದ್ದೇನೂ ಆಗಿರಲಿಲ್ಲ. ಎಲ್ಲೆಲ್ಲಿ ಎಡವಿದೆ ಅನ್ನುವುದು ಮುಂದೆ ಅಲ್ಲಲ್ಲಿ ಬರುತ್ತದೆ.

## ಕಾಂಕ್ರೀಟು ಇಷ್ಟು ಗಟ್ಟಿ, ನೀರು ಹೇಗೆ ಇಳಿಯುತ್ತೆ?

ಸಿಮೆಂಟು ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನ ಜೊತೆ ಸೇರಿ ರಾಸಾಯನಿಕವಾಗಿ ಬದಲಾಗಿ. ಈ ಕೆಲಸಕ್ಕೆ ಬೇಕಾಗುವ ನೀರು ಸಿಮೆಂಟಿನ ತೂಕದ ಕಾಲು ಭಾಗದಷ್ಟು. ಅಂದರೆ 50 ಕಿಲೋ ಮೂಟೆಗೆ 12-13 ಲೀಟರ್. ಆದರೆ ಅಷ್ಟೇ ನೀರು ಹಾಕಿದರೆ ಕಲಸಲಿಕ್ಕೂ ಆಗಲ್ಲ, ಸುರಿಯಲಿಕ್ಕೂ ಆಗಲ್ಲ. ಹಾಗಾಗಿ ಸಾಮಾನ್ಯವಾಗಿ ಅದರ ಎರಡರಷ್ಟು ಹಾಕುತ್ತಾರೆ. ಮೋಲ್ಡ್ ಹಾಕುವ ದಿನ ಕೆಲಸ ಸಲೀಸಾಗಲಿ ಅಂತ ಮೇಸ್ತ್ರಿ ಇನ್ನೊಂದು ಕೊಡ ಸುರಿದರೆ ಇನ್ನೂ ಜಾಸ್ತಿ.

ಹೆಚ್ಚಾದ ನೀರು ಮುಂದೆ ಆವಿಯಾಗಿ ಹೋಗುತ್ತದೆ. ಹೋದ ದಾರಿ ಮಾತ್ರ ಉಳಿಯುತ್ತದೆ. ಕಾವಲಿ ಮೇಲೆ ಸೆಟ್ ದೋಸೆ ಬೇಯುವಾಗ ಆವಿ ಹೊರಟ ಕಡೆಯೆಲ್ಲ ತೂತು ಬೀಳುತ್ತದಲ್ಲ, ಹಾಗೆ. ಕಾಂಕ್ರೀಟಿನ ತೂತುಗಳು ಕೂದಲಿಗಿಂತ ಸಣ್ಣವು, ಕಣ್ಣಿಗೆ ಕಾಣುವುದಿಲ್ಲ. ನೀರಿಗೆ ಅಷ್ಟು ಜಾಗ ಸಾಕು.

ಇನ್ನೊಂದು ದಾರಿ ಬಿರುಕು. ಬಿಸಿಲಿಗೆ ಕಾಂಕ್ರೀಟು ಹಿಗ್ಗುತ್ತದೆ. 10 ಮೀಟರ್ ಉದ್ದದ ತಾರಸಿ, ಶಾಖ ಒಂದು ಡಿಗ್ರಿ ಏರಿದರೆ ಸುಮಾರು 0.1 ಮಿ.ಮೀ. ಉದ್ದವಾಗುತ್ತದೆ. ಬೆಳಗಿನ ಜಾವಕ್ಕೂ ಏಪ್ರಿಲ್ ಮಧ್ಯಾಹ್ನಕ್ಕೂ ತಾರಸಿಯ ಮೈ 30 ಡಿಗ್ರಿ ಬಿಸಿಯಾದರೆ 3 ಮಿ.ಮೀ. ಆಯಿತು. ರಾತ್ರಿ ಮತ್ತೆ ಕುಗ್ಗುತ್ತದೆ. ದಿನಾ ಇದೇ ಕಥೆ. ಪ್ಯಾರಪೆಟ್ ಗೋಡೆ, ನೀರಿನ ಟ್ಯಾಂಕಿನ ಕಂಬ, ಮೆಟ್ಟಿಲ ಕೋಣೆ, ಹೀಗೆ ತಾರಸಿಯನ್ನು ಯಾವುದಾದರೂ ಹಿಡಿದಿಟ್ಟಿರುವ ಜಾಗದಲ್ಲಿ ಗೆರೆ ಬಿಡುತ್ತದೆ.

ಕಲೆ ಬಿದ್ದರೆ ಬಣ್ಣ ಬಳಿಯಬಹುದು. ದೊಡ್ಡ ತೊಂದರೆ ಒಳಗಿನ ಕಂಬಿಯದು. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಜಾಗ ಸಿಗದೆ ಕಾಂಕ್ರೀಟನ್ನು ಒಡೆದು ಕೆಳಕ್ಕೆ ತಳ್ಳುತ್ತದೆ. ಹಳೇ ಮನೆಗಳ ಸೂರಿನಿಂದ ಗಾರೆ ಹಕ್ಕಳೆ ಹಕ್ಕಳೆಯಾಗಿ ಉದುರಿ, ಕೆಂಪು ಕಂಬಿ ಕಾಣುವುದನ್ನು ನೀವೂ ನೋಡಿರುತ್ತೀರಿ.

## ಓಡಿಸುವುದು ಮೊದಲು, ತಡೆಯುವುದು ಆಮೇಲೆ

ಮಂಗಳೂರು ಹೆಂಚಿನ ಮನೆಯನ್ನು ನೆನಪಿಸಿಕೊಳ್ಳಿ. ಸುಟ್ಟ ಮಣ್ಣಿನ ಹೆಂಚು ನೀರು ಹೀರುತ್ತದೆ. ಹೆಂಚು ಹೆಂಚಿನ ನಡುವೆ ಸಂದಿಯೂ ಇರುತ್ತದೆ. ಆದರೂ ವರ್ಷಕ್ಕೆ 3500 ಮಿ.ಮೀ. ದಾಟುವ ಕರಾವಳಿಯ ಮಳೆಯಲ್ಲಿ ಆ ಮನೆಗಳು ತಲೆಮಾರುಗಟ್ಟಲೆ ನಿಂತವು. ಕಾರಣ ಸರಳ. ಆ ಮಾಡು ನೀರಿಗೆ ಕೂರಲು ಪುರುಸೊತ್ತೇ ಕೊಡುವುದಿಲ್ಲ. ಹನಿ ಬಿದ್ದ ಕ್ಷಣ ಜಾರಿಸಿಬಿಡುತ್ತದೆ.

ನಾವು ಸಮತಟ್ಟು ತಾರಸಿಗೆ ಬಂದ ಮೇಲೆ ಈ ಜಾರಿಸುವ ಕೆಲಸ ಮರೆತೆವು. ತಾರಸಿಗೂ ಇಳಿಜಾರು ಬೇಕು. ಮೇಸ್ತ್ರಿಗಳ ಮಾತಿನಲ್ಲಿ ಇದಕ್ಕೆ ವಾಟ. ಕಡಿಮೆ ಎಂದರೆ ನೂರಕ್ಕೆ ಒಂದು, ಅಂದರೆ 10 ಅಡಿ ಉದ್ದಕ್ಕೆ ಒಂದೂಕಾಲು ಇಂಚು ಇಳಿತ. ಸರಿಯಾಗಿದೆಯಾ ಅಂತ ನೋಡಲು ಎಂಜಿನಿಯರ್ ಬೇಕಿಲ್ಲ. ಮಳೆ ನಿಂತ ಎರಡು ದಿನ ಬಿಟ್ಟು ಮೇಲೆ ಹತ್ತಿ. ಆಗಲೂ ನೀರು ನಿಂತಿರುವ ಗುಂಡಿಗಳ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಮುಂದಿನ ಎಲ್ಲ ತೀರ್ಮಾನಕ್ಕೂ ಆ ಗೆರೆಗಳು ಬೇಕಾಗುತ್ತವೆ.

ನೀರು ಎಷ್ಟು ಅನ್ನುವುದನ್ನೂ ಒಮ್ಮೆ ಲೆಕ್ಕ ಹಾಕೋಣ. 2022ರ ಸೆಪ್ಟೆಂಬರ್ 5ರ ಬೆಳಗ್ಗೆಗೆ ಮುಗಿದ 24 ಗಂಟೆಯಲ್ಲಿ ಬೆಂಗಳೂರಿನಲ್ಲಿ 131.6 ಮಿ.ಮೀ. ಮಳೆ ದಾಖಲಾಯಿತು. 1000 ಚದರಡಿ ತಾರಸಿಯ ಮೇಲೆ ಅದು 12,000 ಲೀಟರಿಗೂ ಜಾಸ್ತಿ. ಬೀದಿಯಲ್ಲಿ ಓಡಾಡುವ 6000 ಲೀಟರಿನ ಎರಡು ಟ್ಯಾಂಕರು ನಿಮ್ಮ ತಲೆಯ ಮೇಲೆ ಖಾಲಿಯಾದ ಹಾಗೆ. ಇಷ್ಟು ನೀರು ಇಳಿಯಬೇಕಾದ ಎರಡು ಪೈಪುಗಳಲ್ಲಿ ಒಂದರ ಬಾಯಿಗೆ ಒಣ ಎಲೆ, ಇನ್ನೊಂದಕ್ಕೆ ಪಕ್ಕದ ಮನೆ ಹುಡುಗನ ಚೆಂಡು ಸಿಕ್ಕಿದ್ದರೆ ಯಾವ ಕೋಟಿಂಗ್ ತಾನೇ ಏನು ಮಾಡೀತು?

## ಸೋರಿಕೆ ನಿಜವಾಗಿ ಎಲ್ಲಿಂದ?

ಕಲೆ ಕಂಡ ಜಾಗ ಬೇರೆ, ನೀರು ಹೊಕ್ಕ ಜಾಗ ಬೇರೆ. ತಾರಸಿಯೊಳಗೆ ಇಳಿದ ನೀರು ಸುಲಭದ ದಾರಿ ಹುಡುಕಿಕೊಂಡು ಹರಿದು, ಎಲ್ಲೋ ಕರೆಂಟ್ ಪೈಪಿನ ಫ್ಯಾನ್ ಬಾಕ್ಸಿನಲ್ಲಿ ತೊಟ್ಟಿಕ್ಕುತ್ತದೆ. ಅದಕ್ಕೇ ಜಾಗಕ್ಕಿಂತ ಮೊದಲು ಹೊತ್ತು ನೋಡಬೇಕು. ಯಾವಾಗ ಒದ್ದೆಯಾಗುತ್ತೆ?

ಮಳೆ ಬಂದಾಗ ಮಾತ್ರ ಎಂದರೆ ತಾರಸಿ ಅಥವಾ ಹೊರಗೋಡೆ. ಬೇಸಿಗೆಯಲ್ಲೂ ಒದ್ದೆ ಇದ್ದರೆ ಪೈಪು. ರಾತ್ರಿ ಎಲ್ಲ ನಲ್ಲಿ ಬಂದ್ ಮಾಡಿ, ನೀರು ಯಾರೂ ಬಳಸದ ಹೊತ್ತಿನಲ್ಲಿ ಟ್ಯಾಂಕಿನ ಮಟ್ಟ ಗುರುತು ಹಾಕಿಕೊಳ್ಳಿ. ಬೆಳಗ್ಗೆ ಇಳಿದಿದ್ದರೆ ಉತ್ತರ ಸಿಕ್ಕಿತು. ಗೋಡೆಯ ಬುಡದಿಂದ ಎರಡು ಮೂರು ಅಡಿಯವರೆಗೆ ಮಾತ್ರ ಬಣ್ಣ ಉಬ್ಬಿ, ಬಿಳಿ ಉಪ್ಪಿನ ಪುಡಿ ಉದುರುತ್ತಿದ್ದರೆ ನೀರು ನೆಲದಿಂದ ಏರುತ್ತಿದೆ. ಬತ್ತಿ ಎಣ್ಣೆ ಹೀರುವ ಹಾಗೆ ಇಟ್ಟಿಗೆ ನೀರು ಹೀರುತ್ತದೆ.

ಇನ್ನೊಂದು ಬಗೆಯದ್ದು ಸೋರಿಕೆಯೇ ಅಲ್ಲ. ಬೀರುವಿನ ಹಿಂದೆ, ಗಾಳಿಯಾಡದ ಮೂಲೆಯಲ್ಲಿ ಕಪ್ಪು ಬೂಷ್ಟು ಬರುತ್ತದೆ. ಮನೆಯೊಳಗಿನ ಆವಿಯೇ ತಣ್ಣನೆ ಗೋಡೆಗೆ ತಾಗಿ ನೀರಾಗಿರುತ್ತದೆ. ಅನುಮಾನ ಇದ್ದರೆ ಒಂದು ಗೇಣು ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕೂ ಬದಿ ಟೇಪು ಹಚ್ಚಿ ಒಂದು ದಿನ ಬಿಡಿ. ಹನಿ ಹಾಳೆಯ ಹೊರಮೈ ಮೇಲೆ ಇದ್ದರೆ ಮನೆಯ ಗಾಳಿಯದು, ಹಿಂಬದಿ ಇದ್ದರೆ ಗೋಡೆಯದು. ಮನೆಯ ಗಾಳಿಯದಾದರೆ ಕಿಟಕಿ ತೆಗೆದಿಡಿ, ಬೀರು ಗೋಡೆಯಿಂದ ನಾಲ್ಕು ಬೆರಳು ಈಚೆ ಎಳೆಯಿರಿ. ವಾಟರ್‌ಪ್ರೂಫಿಂಗ್ ದುಡ್ಡು ಉಳಿಯಿತು.

## ರೇನ್‌ಕೋಟು ಅಂಗಿಯ ಮೇಲೋ, ಒಳಗೋ?

ಈ ವಿಷಯದಲ್ಲಿ ಮೇಸ್ತ್ರಿಗಳು, ಎಂಜಿನಿಯರುಗಳು ಹೇಳುವ ಎರಡು ಪದ ಗೊತ್ತಿದ್ದರೆ ಅರ್ಧ ಗೊಂದಲ ಕಳೆಯುತ್ತದೆ: ಪಾಸಿಟಿವ್ ಸೈಡ್ ಮತ್ತು ನೆಗೆಟಿವ್ ಸೈಡ್. ನೀರು ಬರುವ ಕಡೆಯೇ ತಡೆ ಹಾಕಿದರೆ ಪಾಸಿಟಿವ್. ನೀರು ದಾಟಿ ಬಂದು ಕಾಣಿಸುವ ಕಡೆ ಹಾಕಿದರೆ ನೆಗೆಟಿವ್. ತಾರಸಿಗೆ ಮೇಲಿನ ಮೈ ಪಾಸಿಟಿವ್, ಮನೆಯೊಳಗಿನ ಸೂರು ನೆಗೆಟಿವ್.

ನೆಗೆಟಿವ್ ಕಡೆ ಹಾಕುವುದೆಂದರೆ ರೇನ್‌ಕೋಟನ್ನು ಅಂಗಿಯ ಒಳಗೆ ತೊಟ್ಟ ಹಾಗೆ. ಮೈ ಒದ್ದೆಯಾಗದೇ ಇರಬಹುದು, ಅಂಗಿ ಮಾತ್ರ ತೊಯ್ದು ತೊಪ್ಪೆ. ಕಟ್ಟಡದಲ್ಲಿ ಆ ಅಂಗಿ ಅಂದರೆ ಕಂಬಿ ಇರುವ ಕಾಂಕ್ರೀಟು. ಜೊತೆಗೆ ಹಿಂದಿನಿಂದ ಬರುವ ನೀರು ಕೋಟಿಂಗನ್ನು ಗೋಡೆಯಿಂದ ದೂಡಿ ಎಬ್ಬಿಸುತ್ತದೆ. ಸೂರಿನ ಕಲೆಯ ಮೇಲೆ ಬರೀ ಡ್ಯಾಂಪ್‌ಪ್ರೂಫ್ ಪೇಂಟು ಬಳಿದವರಿಗೆ ಆಗುವುದು ಇದೇ. ಒಂದು ಮಳೆಗಾಲ ಸುಮ್ಮನಿದ್ದು, ಮುಂದಿನ ಮಳೆಗಾಲಕ್ಕೆ ಗುಳ್ಳೆ.

ಹಾಗಂತ ನೆಗೆಟಿವ್ ಕಡೆ ಯಾವತ್ತೂ ಹಾಕಲೇಬಾರದು ಅಂತಲ್ಲ. ನೆಲಮಾಳಿಗೆಯ ಗೋಡೆಯ ಹೊರಬದಿ ಮಣ್ಣಿನಲ್ಲಿ ಹೂತಿರುತ್ತದೆ. ಅಲ್ಲಿಗೆ ಕೈಯೇ ಹೋಗುವುದಿಲ್ಲ. ಅಂಥಲ್ಲಿ ಒಳಗಿನಿಂದಲೇ ಮಾಡಬೇಕು. ಅದಕ್ಕೆ ತಕ್ಕ ಮಾಲು ಬೇರೆ.

## ಅಂಗಡಿಯ ಕಪಾಟಿನಲ್ಲಿ ಏನೇನಿದೆ?

ಹೆಸರು ನೂರಿದ್ದರೂ ಕುಲ ಕೆಲವೇ.

ಮೊದಲನೆಯದು ಸಿಮೆಂಟ್ ಕುಲ. ಒಂದು ಚೀಲ ಪುಡಿ, ಒಂದು ಕ್ಯಾನು ಹಾಲಿನಂಥ ದ್ರವ. ಎರಡನ್ನೂ ಕಲಸಿ ಬ್ರಷ್‌ನಲ್ಲಿ ಬಳಿಯುವುದು. ಗಾರೆಗೆ ಗಾರೆಯ ಸಂಬಂಧಿಯೇ ಆದ್ದರಿಂದ ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಮೈ ಸ್ವಲ್ಪ ತೇವ ಇದ್ದರೂ ಪರವಾಗಿಲ್ಲ, ಇದರ ಮೇಲೆ ಟೈಲ್ಸ್ ಕೂರುತ್ತದೆ. ಆದರೆ ಹಿಗ್ಗುವ ಗುಣ ಕಮ್ಮಿ. ಬಿಸಿಲಿಗೆ ಬರಿಮೈಯಲ್ಲಿ ಬಿಟ್ಟರೆ ತಾರಸಿಯ ಜೊತೆ ತಾನೂ ಬಿರಿಯುತ್ತದೆ.

ಇದೇ ಕುಲದ ಇನ್ನೊಂದು ಕವಲು ಕ್ರಿಸ್ಟಲೈನ್. ಇದು ಮೇಲೆ ಪದರವಾಗಿ ಕೂರುವ ಬದಲು ಕಾಂಕ್ರೀಟಿನ ತೂತುಗಳ ಒಳಗೆ ಇಳಿದು, ನೀರು ಸಿಕ್ಕಾಗ ಹರಳು ಕಟ್ಟಿ ದಾರಿ ಮುಚ್ಚುತ್ತದೆ. ನೀರು ಹಿಂದಿನಿಂದ ತಳ್ಳಿದರೂ ಎದ್ದು ಬರಲು ಪದರವೇ ಇಲ್ಲವಲ್ಲ! ಅದಕ್ಕೇ ನೆಲಮಾಳಿಗೆಗೆ, ನೆಲದಡಿಯ ನೀರಿನ ತೊಟ್ಟಿಗೆ (ಸಂಪು) ಒಗ್ಗುತ್ತದೆ. ದಿನಾ ಬಾಯಿ ತೆರೆದು ಮುಚ್ಚುವ ಬಿರುಕಿಗೆ ಇದು ಪ್ರಯೋಜನವಿಲ್ಲ.

ಅಕ್ರಿಲಿಕ್ ಕೋಟಿಂಗ್ ಬಣ್ಣದ ದೊಡ್ಡಣ್ಣ. ನಾನು ತಂದ ಬಕೆಟ್ ಇದೇ. ಬಿಸಿಲು ತಡೆಯುತ್ತದೆ, ಬಿಳಿ ಬಳಿದರೆ ಕೆಳಗಿನ ಕೋಣೆಯ ಸೆಕೆಯೂ ಒಂದಿಷ್ಟು ಇಳಿಯುತ್ತದೆ, ಯಾರು ಬೇಕಾದರೂ ಬಳಿಯಬಹುದು. ದೌರ್ಬಲ್ಯ ಒಂದೇ: ನಿಂತ ನೀರು. ದಿನಗಟ್ಟಲೆ ನೀರಲ್ಲಿದ್ದರೆ ಬಟ್ಟೆ ಒಗೆದವರ ಬೆರಳಿನ ಹಾಗೆ ನೆನೆದು ಮೆತ್ತಗಾಗಿ, ಹಿಡಿತ ಬಿಡುತ್ತದೆ. ನನ್ನ ತಾರಸಿಯಲ್ಲಿ ಮೊದಲು ಎದ್ದದ್ದು ಗುಂಡಿಗಳಿದ್ದ ಕಡೆಯೇ.

ಪಾಲಿಯುರಿಥೇನ್, ಬಾಯಿಮಾತಿನಲ್ಲಿ ಪಿಯು, ಒಣಗಿದ ಮೇಲೆ ರಬ್ಬರಿನ ಹಾಳೆ. ತನ್ನ ಉದ್ದದ ಹಲವು ಪಟ್ಟು ಎಳೆದರೂ ಹರಿಯುವುದಿಲ್ಲ, ನಿಂತ ನೀರಿಗೂ ಜಗ್ಗುವುದಿಲ್ಲ. ಆದರೆ ಮಡಿ ಜಾಸ್ತಿ. ಮೈ ಪೂರಾ ಒಣಗಿರಬೇಕು. ಅಡಿಯಲ್ಲಿ ತೇವ ಉಳಿದರೆ ಬಿಸಿಲಿಗೆ ಅದು ಆವಿಯಾಗಿ, ಎಣ್ಣೆಯಲ್ಲಿ ಬಿಟ್ಟ ಪೂರಿಯ ಹಾಗೆ ಕೋಟಿಂಗ್ ಉಬ್ಬುತ್ತದೆ. ಇದರಲ್ಲೂ ಕೆಲವು ಬಗೆ ಬಿಸಿಲಿಗೆ ಹಳದಿಯಾಗಿ ಪುಡಿ ಬಿಡುತ್ತವೆ. ಅವುಗಳ ಮೇಲೆ ಬಿಸಿಲು ತಡೆಯುವ ಇನ್ನೊಂದು ಕೋಟೋ, ಗಾರೆಯ ಹೊದಿಕೆಯೋ ಬೇಕು.

ಡಾಂಬರಿನ ಹಾಳೆ ಸುರುಳಿಯಾಗಿ ಬರುತ್ತದೆ. 1 ಮೀಟರ್ ಅಗಲ, 10 ಮೀಟರ್ ಉದ್ದ, 3-4 ಮಿ.ಮೀ. ದಪ್ಪ. ಗ್ಯಾಸ್ ಬೆಂಕಿಯಲ್ಲಿ ಅಡಿಯನ್ನು ಕರಗಿಸುತ್ತಾ ಅಂಟಿಸಿಕೊಂಡು ಹೋಗುತ್ತಾರೆ. ದಪ್ಪ ಕಾರ್ಖಾನೆಯಲ್ಲೇ ನಿಗದಿಯಾಗಿರುವುದು ಇದರ ದೊಡ್ಡ ಲಾಭ, ಬಳಿಯುವವರು ಜಿಪುಣತನ ಮಾಡಲು ಆಗುವುದಿಲ್ಲ. ಹಾಳೆಗೆ ಹಾಳೆ ಸೇರುವ ಕಡೆ ನಾಲ್ಕು ಇಂಚಾದರೂ ಒಂದರ ಮೇಲೊಂದು ಬಂದು ಸರಿಯಾಗಿ ಬೆಸೆದಿರಬೇಕು. ಸೋತರೆ ಸೋಲುವುದು ಆ ಸೇರುವ ಕಡೆಯಲ್ಲೇ. ಅಪಾರ್ಟ್‌ಮೆಂಟಿನ ಪೋಡಿಯಂ (ಪಾರ್ಕಿಂಗ್ ಮೇಲಿನ ಅಂಗಳ), ಮಣ್ಣಿಗೆ ತಾಗುವ ಗೋಡೆ, ದೊಡ್ಡ ತಾರಸಿಗಳಿಗೆ ಇದು ಸರಿ. ಕಪ್ಪು ಮೈ ಬಿಸಿಲು ಕುಡಿಯುತ್ತದೆ, ಹಾಗಾಗಿ ಮೇಲೆ ಹೊದಿಕೆ ಬೇಕು.

ಇನ್ನು ಹಳೇ ಪದ್ಧತಿ. ಇಟ್ಟಿಗೆ ಚೂರು, ಸುಣ್ಣ, ಸುರ್ಕಿ (ಇಟ್ಟಿಗೆ ಪುಡಿ) ಸೇರಿಸಿ ಬಡಿದು ಗಟ್ಟಿ ಮಾಡುತ್ತಿದ್ದರು. ಅಳಲೆಕಾಯಿ, ಬೆಲ್ಲ ನೆನೆಹಾಕಿದ ನೀರು ಚಿಮುಕಿಸುತ್ತಿದ್ದರು. ಇವತ್ತಿಗೂ ಸಿಮೆಂಟಿನ ಜೊತೆ ಇಟ್ಟಿಗೆ ಚೂರು ಹಾಸುವವರಿದ್ದಾರೆ. ವಾಟ ಕೊಡಲಿಕ್ಕೆ ಒಳ್ಳೆಯದು, ಮನೆಯೂ ತಂಪು. ಆದರೆ ತೂಕ ನೋಡಿ. ನಾಲ್ಕು ಇಂಚು ದಪ್ಪ ಹಾಸಿದರೆ 1000 ಚದರಡಿಗೆ 15 ಟನ್‌ಗಿಂತ ಜಾಸ್ತಿ. ಹಳೇ ಹಾಸಿನ ಮೇಲೇ ಹೊಸದು ಹಾಸುವವರೂ ಇದ್ದಾರೆ. ಎಂಜಿನಿಯರ್ ಕೇಳದೆ ಆ ಸಾಹಸ ಬೇಡ.

ಕಾಂಕ್ರೀಟ್ ಕಲಸುವಾಗ ಮೂಟೆಗೆ ಇಷ್ಟು ಎಂಎಲ್ ಅಂತ ಹಾಕುವ ದ್ರವ ಒಂದಿದೆಯಲ್ಲ? ಅದು ಕಾಂಕ್ರೀಟಿನ ತೂತು ಕಮ್ಮಿ ಮಾಡುತ್ತದೆ. ಹಾಕಿಸಿ, ಒಳ್ಳೆಯದೇ. ಆದರೆ ನಾಳೆ ಬಿರುಕು ಬಿಟ್ಟರೆ ಅದರಿಂದ ಏನೂ ಆಗುವುದಿಲ್ಲ. "ಅದನ್ನ ಹಾಕಿದೀವಲ್ಲ ಸಾರ್, ಮೇಲೆ ಬೇರೇನೂ ಬೇಡ" ಅನ್ನುವ ಮಾತು ನಂಬಬೇಡಿ.

## ಯಾವ ಜಾಗಕ್ಕೆ ಯಾವುದು?

ತಾರಸಿಯಿಂದ ಶುರು ಮಾಡೋಣ. ವಾಟ ಸರಿ ಇದೆ, ನೀರು ನಿಲ್ಲುವುದಿಲ್ಲ, ಕೂದಲೆಳೆ ಬಿರುಕು ಮಾತ್ರ, ಓಡಾಟ ಕಮ್ಮಿ ಅಂದರೆ ಅಕ್ರಿಲಿಕ್ ಸಾಕು. ಬಿರುಕಿನ ಮೇಲೆ ಫೈಬರ್ ಜಾಲರಿ ಕೂರಿಸಿ ಬಳಿಸಿ. ಕೆಲವು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು ಅನ್ನುವುದು ಮೊದಲೇ ಗೊತ್ತಿರಲಿ. ಸೀಮೆಸುಣ್ಣದ ಗೆರೆಗಳು ಜಾಸ್ತಿ ಇದ್ದರೆ ಮೊದಲ ಖರ್ಚು ಗಾರೆಯದು. ಗುಂಡಿ ತುಂಬಿಸಿ ವಾಟ ಸರಿಮಾಡಿ. ಅದು ಆಗದ ಮಾತು ಎಂದಾದರೆ ಪಿಯು.

ಬಟ್ಟೆ ಒಣಹಾಕುತ್ತೀರಿ, ಸಂಡಿಗೆ ಇಡುತ್ತೀರಿ, ಮಕ್ಕಳು ಸೈಕಲ್ ಹೊಡೆಯುತ್ತಾರೆ ಎಂದಾದರೆ ತೆಳು ಕೋಟಿಂಗನ್ನು ಬರಿಮೈಯಲ್ಲಿ ಬಿಡಬೇಡಿ. ಪಿಯು ಅಥವಾ ಡಾಂಬರಿನ ಹಾಳೆ ಕೆಳಗೆ, ಅದರ ಮೇಲೆ ಗಾರೆ, ಬೇಕಿದ್ದರೆ ಟೈಲ್ಸ್. ಖರ್ಚು ಜಾಸ್ತಿ, ಬಾಳಿಕೆಯೂ ಜಾಸ್ತಿ. ಸಮಸ್ಯೆ ಏನೆಂದರೆ, ಮುಂದೆ ಸೋರಿದರೆ ತೂತು ಎಲ್ಲಿ ಅಂತ ಹುಡುಕುವುದು ಕಷ್ಟ. ಕೈತೋಟ ಮಾಡುವವರಿಗೆ ಬೇರಿನ ಕಾಟ ಬೇರೆ. ಬೇರು ತಡೆಯುವ ಪದರ, ಅದರ ಮೇಲೆ ನೀರು ಹರಿದು ಹೋಗುವ ಪದರ, ಆಮೇಲೆ ಮಣ್ಣು. ಬರೀ ಕುಂಡಗಳಾದರೆ ಸ್ಟ್ಯಾಂಡಿನ ಮೇಲಿಡಿ, ಕೆಳಗೆ ಗಾಳಿಯಾಡಲಿ.

ಬೆಂಗಳೂರಿನ ಲೆಕ್ಕ ಮಲೆನಾಡಿಗೆ ನಡೆಯುವುದಿಲ್ಲ ಅನ್ನುವುದನ್ನು ಇಲ್ಲೇ ಹೇಳಬೇಕು. ಬೆಂಗಳೂರಿನ ವಾರ್ಷಿಕ ಮಳೆ ಸರಾಸರಿ 1000 ಮಿ.ಮೀ. ಒಳಗೆ. ಆಗುಂಬೆಯದು 7000 ದಾಟುತ್ತದೆ. ಅಲ್ಲಿ ಮಳೆ ಹಿಡಿದರೆ ಕಾಂಕ್ರೀಟಿಗೆ ವಾರಗಟ್ಟಲೆ ಒಣಗುವ ಅವಕಾಶವೇ ಇಲ್ಲ. ತೀರ್ಥಹಳ್ಳಿ, ಶೃಂಗೇರಿ ಕಡೆ ಆರ್‌ಸಿಸಿ ಮನೆಗಳ ನೆತ್ತಿಯ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟು ಹೊದಿಸುವುದು ಸುಮ್ನೆ ಅಲ್ಲ. ನೋಟಕ್ಕೆ ಅಷ್ಟು ಚೆಂದ ಇರಲಿಕ್ಕಿಲ್ಲ, ಆದರೆ ಅದು ಹೆಂಚಿನ ಮಾಡಿನ ಬುದ್ಧಿಯೇ. ಮಳೆಗಾಲದಲ್ಲಿ ಬಟ್ಟೆ ಒಣಗಿಸಲು, ಅಡಿಕೆ ಹರವಲು ಜಾಗವೂ ಆಯಿತು. ಜೋರು ಮಳೆಯ ಊರಿನಲ್ಲಿ ನನ್ನ ಮತ ಶೀಟಿಗೆ.

ಬಾತ್‌ರೂಮು ಪೂರಾ ಬೇರೆ ಕಥೆ. ಬಿಸಿಲಿಲ್ಲ, ಹಿಗ್ಗುವುದು ಕಮ್ಮಿ, ಆದರೆ ದಿನಾ ಮಳೆ. ಟೈಲ್ಸ್ ಇದೆಯಲ್ಲ, ನೀರು ಹೇಗೆ ಇಳಿಯುತ್ತೆ ಅಂತ ಕೇಳುತ್ತಾರೆ. ಟೈಲ್ಸ್‌ನಲ್ಲಿ ಇಳಿಯುವುದಿಲ್ಲ, ಟೈಲ್ಸ್ ನಡುವಿನ ಸಂದಿಯಲ್ಲಿ ಇಳಿಯುತ್ತದೆ. ನಮ್ಮಲ್ಲಿ ಬಾತ್‌ರೂಮಿನ ಸ್ಲ್ಯಾಬನ್ನು ಪೈಪುಗಳಿಗಾಗಿ ತಗ್ಗಿಸಿ ಹಾಕುತ್ತಾರೆ, ಸಂಕನ್ ಸ್ಲ್ಯಾಬ್ ಅಂತ. ಆ ತಗ್ಗನ್ನು ಇಟ್ಟಿಗೆ ಚೂರಿನಿಂದ ತುಂಬುತ್ತಾರೆ. ಇಳಿದ ನೀರು ಅಲ್ಲಿ ಹೋಗಿ ಕೂರುತ್ತದೆ. ಒಂದರ್ಥದಲ್ಲಿ ನಿಮ್ಮ ಕಾಲ ಕೆಳಗೆ ಕಾಣದ ತೊಟ್ಟಿ. ಹಾಗಾಗಿ ಸಿಮೆಂಟ್ ಕುಲದ ಕೋಟಿಂಗ್ ಎರಡು ಸಲ ಬೇಕು: ತಗ್ಗಿನ ತಳಕ್ಕೊಮ್ಮೆ, ತುಂಬಿದ ಮೇಲೆ ಟೈಲ್ಸಿನ ಅಡಿಗೊಮ್ಮೆ. ಗೋಡೆಗೆ ಒಂದಡಿ ಏರಿಸಿ, ಶವರ್ ಇರುವ ಕಡೆ ಆರಡಿ. ಟೈಲ್ಸ್ ಹಾಕುವ ಮೊದಲು ನೀರು ಕಟ್ಟಿ ಒಂದೆರಡು ದಿನ ನೋಡಿ. ಅಪಾರ್ಟ್‌ಮೆಂಟುಗಳಲ್ಲಿ ಕಲೆ ಕೆಳಮನೆಯವರದು, ರಿಪೇರಿ ಮೇಲ್ಮನೆಯಲ್ಲಿ. ಜಗಳ ಶುರುವಾಗುವುದೇ ಅಲ್ಲಿಂದ. ಕೆಳಗಿನ ಸೂರಿಗೆ ಏನು ಬಳಿದರೂ ಅದು ರೇನ್‌ಕೋಟು ಅಂಗಿಯೊಳಗೆ ತೊಟ್ಟಂತೆಯೇ.

ಸಂಪು, ಓವರ್‌ಹೆಡ್ ಟ್ಯಾಂಕಿಗೆ ಒಳಮೈಯಲ್ಲಿ ಸಿಮೆಂಟ್ ಕುಲದ್ದೇ ಸರಿ. ಕುಡಿಯುವ ನೀರಿಗೆ ಆಗುತ್ತದೆ ಅಂತ ಡಬ್ಬಿಯ ಮೇಲೆ ಬರೆದಿರಬೇಕು. ಡಾಂಬರಿನದ್ದು ಇಲ್ಲಿ ಬೇಡ.

ನೆಲಮಾಳಿಗೆಯಲ್ಲಿ ನೀರು ಜಿನುಗುವುದಿಲ್ಲ, ತಳ್ಳುತ್ತದೆ. ಗೋಡೆಯಾಚೆ ಮಣ್ಣಿನಲ್ಲಿ 3 ಮೀಟರ್ ಎತ್ತರಕ್ಕೆ ನೀರು ನಿಂತಿದ್ದರೆ, ಗೋಡೆಯ ಬುಡದಲ್ಲಿ ಪ್ರತಿ ಚದರ ಮೀಟರಿಗೆ 3 ಟನ್ ಒತ್ತಡ. ಒಂದು ಚದರ ಮೀಟರಿನ ಮೇಲೆ ಎರಡು ಕಾರು ಒರಗಿದ ಹಾಗೆ. ಕಟ್ಟುವಾಗಲೇ, ಮಣ್ಣು ತುಂಬುವ ಮುಂಚೆ ಹೊರಬದಿಗೆ ಡಾಂಬರಿನ ಹಾಳೆ ಹಾಕುವುದಕ್ಕಿಂತ ಉತ್ತಮ ದಾರಿ ಇಲ್ಲ. ಆ ಕಾಲ ಮೀರಿದ್ದರೆ, ಒಳಗಿನಿಂದ ತೂತು ಕೊರೆದು ಬಿರುಕಿನೊಳಗೆ ಒತ್ತಡದಲ್ಲಿ ದ್ರವ ತುಂಬಿಸುವುದು, ಮೇಲೆ ಕ್ರಿಸ್ಟಲೈನ್.

ಹೊರಗೋಡೆಗೆ ಬೇಕಾದ ಗುಣ ಇವೆಲ್ಲಕ್ಕೂ ಉಲ್ಟಾ. ಅದು ಉಸಿರಾಡಬೇಕು. ಹೊರಗಿನ ಹನಿ ಒಳಗೆ ಬರಬಾರದು, ಒಳಗಿನ ಆವಿ ಹೊರಗೆ ಹೋಗಬೇಕು. ಹೊರಗೋಡೆಗೆಂದೇ ಮಾಡಿದ ಹಿಗ್ಗುವ ಪೇಂಟುಗಳಿಗೆ ಈ ಗುಣ ಇರುತ್ತದೆ. ಬಣ್ಣ ಬೇಡದ ಇಟ್ಟಿಗೆ, ಜಂಬಿಟ್ಟಿಗೆ ಗೋಡೆಗೆ ಸಿಲಿಕೋನ್ ಬಗೆಯ ದ್ರವ ಬಳಿಯುತ್ತಾರೆ. ಬಣ್ಣವಿಲ್ಲ, ಪದರವಿಲ್ಲ, ಕೆಸುವಿನ ಎಲೆಯ ಮೇಲಿನ ಹನಿಯಂತೆ ನೀರು ಜಾರಿ ಬೀಳುತ್ತದೆ. ಮಣ್ಣಿನ ಗೋಡೆಗೆ ಮಾತ್ರ ಪ್ಲಾಸ್ಟಿಕ್ಕಿನಂಥ ಯಾವ ಪೇಂಟೂ ಬೇಡ, ಒಳಗಿನ ತೇವ ಸಿಕ್ಕಿಹಾಕಿಕೊಂಡು ಗೋಡೆ ಸಡಿಲವಾಗುತ್ತದೆ. ಕರಾವಳಿಯಲ್ಲಿ ಪಡುವಣ ಗಾಳಿಗೆ ಮಳೆ ಅಡ್ಡಡ್ಡ ಹೊಡೆಯುತ್ತದೆ. ಹಿಂದೆ ಆ ಕಡೆಯ ಗೋಡೆಗೆ ಮಳೆಗಾಲಕ್ಕೆ ಮುಂಚೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಬರೀ ನೀರು ಜಾರಿಸುವ, ಪೂರ್ತಿ ಉಸಿರಾಡುವ ಹೊದಿಕೆ!

## ಬಕೆಟ್ ಲೆಕ್ಕ

ಈಗ ನನ್ನ ಬಕೆಟ್ಟಿಗೆ ಬರುತ್ತೇನೆ. 1000 ಚದರಡಿ ಅಂದರೆ 93 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಲೀಟರ್ ಹರಡಿದರೆ ಸರಿಯಾಗಿ 1 ಮಿ.ಮೀ. ದಪ್ಪ. ನನ್ನ 20 ಲೀಟರನ್ನು 93 ಚದರ ಮೀಟರಿಗೆ ಹರಡಿದಾಗ ಹಸಿ ಇದ್ದಾಗಲೇ 0.2 ಮಿ.ಮೀ. ಚಿಲ್ಲರೆ. ಅದರಲ್ಲಿ ಸುಮಾರು ಅರ್ಧ ನೀರು ಅಂತಿಟ್ಟುಕೊಳ್ಳಿ, ಒಣಗಿ ಹೋಗುತ್ತದೆ. ಉಳಿದದ್ದು 0.1 ಮಿ.ಮೀ. ಜೆರಾಕ್ಸ್ ಹಾಳೆಯ ದಪ್ಪ. ದಿನಾ 3 ಮಿ.ಮೀ. ಹಿಗ್ಗಿ ಕುಗ್ಗುವ ತಾರಸಿಗೆ ನಾನು ಹೊದಿಸಿದ್ದು ಕಾಗದ.

ಒಣಗಿದ ಮೇಲೆ 1 ಮಿ.ಮೀ. ಉಳಿಯಬೇಕಿದ್ದರೆ ಅದೇ ಮಾಲು ಒಂಬತ್ತು ಬಕೆಟ್ ಬೇಕಿತ್ತು. ಎಷ್ಟು ದಪ್ಪ ಬೇಕು, ಲೀಟರಿಗೆ ಎಷ್ಟು ಚದರಡಿ ಅನ್ನುವುದು ಕಂಪನಿಯ ಮಾಹಿತಿ ಹಾಳೆಯಲ್ಲಿ ಇರುತ್ತದೆ. ಕಾಂಟ್ರಾಕ್ಟರರನ್ನು "ಎಷ್ಟು ಕೋಟು?" ಅಂತ ಕೇಳಬೇಡಿ. "ಒಣಗಿದ ಮೇಲೆ ಎಷ್ಟು ಮಿ.ಮೀ. ಉಳಿಯುತ್ತೆ, ಅದಕ್ಕೆ ಎಷ್ಟು ಬಕೆಟ್ ಬೇಕು?" ಅಂತ ಕೇಳಿ, ಕೊಟೇಶನ್ನಿನಲ್ಲಿ ಬರೆಸಿಕೊಳ್ಳಿ. ಕೆಲಸ ಮುಗಿದ ದಿನ ಖಾಲಿ ಬಕೆಟ್ ಎಣಿಸಿ. ಮುಜುಗರ ಆಗಬಹುದು, ಆಗಲಿ.

ನನ್ನ ಇನ್ನೊಂದು ತಪ್ಪು ಅವಸರ. ಮಳೆ ಬಿಟ್ಟ ಮೂರನೇ ದಿನ ಬಳಿಸಿದ್ದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಇತ್ತು. ಇದಕ್ಕೂ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆಯೇ. ಒಂದೂವರೆ ಅಡಿ ಚೌಕದ ಹಾಳೆಯನ್ನು ತಾರಸಿಗೆ ಟೇಪು ಹಚ್ಚಿ ಒಂದು ರಾತ್ರಿ, ಕಡಿಮೆ ಎಂದರೆ 16 ಗಂಟೆ ಬಿಡಿ. ಎತ್ತಿದಾಗ ಅಡಿಯಲ್ಲಿ ಹನಿ ಇದ್ದರೆ, ಗಾರೆ ಕಪ್ಪಾಗಿದ್ದರೆ ಇನ್ನೂ ಕಾಯಬೇಕು. ಫೆಬ್ರವರಿಯಿಂದ ಏಪ್ರಿಲ್ ಈ ಕೆಲಸಕ್ಕೆ ಸರಿಯಾದ ಕಾಲ. ಬಳಿಯುವುದು ಮಾತ್ರ ಬೆಳಗ್ಗೆ ಅಥವಾ ಸಂಜೆ, ನಡುಮಧ್ಯಾಹ್ನದ ಕಾದ ಮೈಗೆ ಬೇಡ.

## ಮೂಲೆ, ಪೈಪಿನ ಬಾಯಿ, ಸೋಲಾರ್ ಬೋಲ್ಟು

ನಡುಬಯಲಿನಲ್ಲಿ ಸೋರುವ ತಾರಸಿ ಕಮ್ಮಿ. ಅಂಚಿನಲ್ಲಿ ಸೋರುವುದೇ ಜಾಸ್ತಿ. ಪ್ಯಾರಪೆಟ್ ಗೋಡೆ ಮತ್ತು ತಾರಸಿ ಸೇರುವ ಮೂಲೆ ಚೂಪಾಗಿ ಇದ್ದರೆ ಕೋಟಿಂಗ್ ಅಲ್ಲಿ ತೆಳ್ಳಗಾಗಿ ಹರಿಯುತ್ತದೆ. ಅಲ್ಲಿ ಗಾರೆಯನ್ನು ಉದ್ದಕ್ಕೂ ದುಂಡಗೆ ಬಳಿದು, ಅದರ ಮೇಲೆ ಕೋಟಿಂಗನ್ನು ಗೋಡೆಗೆ ಒಂದಡಿಯಷ್ಟು ಏರಿಸಬೇಕು. ಸೀರೆಯ ಅಂಚು ಮಡಚಿ ಹೊಲಿದ ಹಾಗೆ. ನನ್ನ ಅಡುಗೆಮನೆಯ ಕಲೆಯ ಮೂಲ ಕೊನೆಗೆ ಸಿಕ್ಕಿದ್ದು ಮಳೆನೀರಿನ ಪೈಪಿನ ಬಾಯಲ್ಲಿ, ಕಲೆಯಿಂದ ನಾಲ್ಕು ಅಡಿ ಆಚೆ. ಪಿವಿಸಿ ಪೈಪಿಗೂ ಗಾರೆಗೂ ನಡುವೆ ಉಗುರು ತೂರುವಷ್ಟು ಸಂದಿ. ಒಂಬತ್ತು ಬಕೆಟ್ ಬಳಿದಿದ್ದರೂ ಅದು ಮುಚ್ಚುತ್ತಿರಲಿಲ್ಲ. ಹಳೇ ಗಾರೆ ಕೆತ್ತಿ ತೆಗೆದು, ಪೈಪಿನ ಸುತ್ತ ಪಾಲಿಮರ್ (ಹಾಲಿನಂಥ ಆ ದ್ರವ) ಬೆರೆಸಿದ ಗಾರೆ ತುಂಬಿ, ಜಾಲರಿ ಕೂರಿಸಿ ಕೋಟಿಂಗನ್ನು ಪೈಪಿನ ಒಳಬಾಯಿವರೆಗೂ ಇಳಿಸಿದ ಮೇಲೆ ನಿಂತಿತು.

ಗ್ಯಾರಂಟಿ ಕಾಗದ ಓದಿ ನೋಡಿ. ಹತ್ತು ವರ್ಷ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದು ಬಕೆಟ್ಟಿನೊಳಗಿನ ಮಾಲಿಗೆ ಮಾತ್ರವೋ, ಬಳಿದ ಕೂಲಿಗೂ ಸೇರಿಯೋ? ಮತ್ತೆ ಸೋರಿದರೆ ಬಂದು ಸರಿಮಾಡುವವರು ಯಾರು? ಕಾಗದದಲ್ಲಿ ಅದು ಇಲ್ಲದಿದ್ದರೆ ವರ್ಷದ ಲೆಕ್ಕಕ್ಕೆ ಅರ್ಥವಿಲ್ಲ.

ಕೆಲಸ ಮುಗಿದ ಮೇಲೆ ಬರುವವರ ಮೇಲೂ ಒಂದು ಕಣ್ಣಿರಲಿ. ಸೋಲಾರ್ ನೀರಿನ ಹೀಟರ್ ಕೂರಿಸುವವರು ಸ್ಟ್ಯಾಂಡಿನ ಕಾಲಿಗೆ ಡ್ರಿಲ್ ಹಿಡಿದು ಬೋಲ್ಟ್ ಹೊಡೆಯುತ್ತಾರೆ. ಕೇಬಲ್‌ನವರು ಪ್ಯಾರಪೆಟ್‌ಗೆ ಮೊಳೆ ಹೊಡೆಯುತ್ತಾರೆ. ಹೊಸ ರೇನ್‌ಕೋಟಿಗೆ ಅಲ್ಲಲ್ಲಿ ಸೂಜಿ ಚುಚ್ಚಿದಂತೆ. ಸ್ಟ್ಯಾಂಡಿನ ಕಾಲುಗಳನ್ನು ತಾರಸಿ ಕೊರೆಯದೆ ಭಾರದ ಕಾಂಕ್ರೀಟ್ ದಿಮ್ಮಿಗಳಿಗೆ ಕಟ್ಟಿಸಿ, ಇಲ್ಲವೇ ಈ ಕೆಲಸಗಳನ್ನೆಲ್ಲ ವಾಟರ್‌ಪ್ರೂಫಿಂಗಿಗೆ ಮುಂಚೆಯೇ ಮುಗಿಸಿಕೊಳ್ಳಿ. ಪ್ಯಾರಪೆಟ್ ಬಿರುಕಿನಲ್ಲಿ ಅರಳಿ ಸಸಿ ಕಂಡರೆ ಎರಡೆಲೆ ಇರುವಾಗಲೇ ಬೇರುಸಹಿತ ತೆಗೆಯಿರಿ.

ಕೋಟಿಂಗ್ ಪೂರಾ ಒಣಗಿದ ಮೇಲೆ ಪೈಪಿನ ಬಾಯಿಗಳಿಗೆ ಬಟ್ಟೆ ತುರುಕಿ, ಎರಡು ಇಂಚು ನೀರು ಕಟ್ಟಿ. ಬಾತ್‌ರೂಮಿನಂತೆ ಒಂದೆರಡು ದಿನ ಅಲ್ಲ, ತಾರಸಿಗೆ ಎರಡು ಮೂರು ದಿನ ಬೇಕು. ಬೆಳಗ್ಗೆ ಸಂಜೆ ಮನೆಯೊಳಗಿನ ಸೂರಿಗೆ ಟಾರ್ಚ್ ಹಿಡಿದು, ಮೂಲೆ ಮೂಲೆ, ಫ್ಯಾನಿನ ಬುಡ, ಲೈಟಿನ ತೂತು ನೋಡಿ. ಕೊನೆಯ ಕಂತಿನ ದುಡ್ಡು ಅದಾದ ಮೇಲೆ.